ದೇವರ ನ್ಯಾಯ ಅಂದ್ರೆ ಶಿಕ್ಷೆ ಅಂತ ಆಗಿದ್ದು ಹೇಗೆ?

ಮೊನ್ನೆ ಕಾರವಾರದ ಮೀನು ಮಾರ್ಕೆಟಲ್ಲಿ ಬಂಗಡೆ ತಗೊಳ್ತಾ ಇದ್ದೆ, ಪಕ್ಕದಲ್ಲಿ ನಿಂತಿದ್ದ ಬಾಯಿಯೊಬ್ರು ತಕ್ಕಡಿ ನೋಡಿದ್ದೇ ಸಿಟ್ಟಾಗಿ "ಹೊಡಿ, ತೂಕದಲ್ಲಿ ಹೊಡಿ, ದೇವ್ರು ನ್ಯಾಯ ಮಾಡೇ ಮಾಡ್ತಾನೆ" ಅಂದ್ರು. ಅವರು ನ್ಯಾಯ ಅಂದಿದ್ದು ಶಿಕ್ಷೆಗೆ. ನಾವೂ ಹಾಗೇ ಅಲ್ವಾ ಅನ್ನೋದು.

ಬೈಬಲಲ್ಲಿ ಇದೇ ತಕ್ಕಡಿ ಮೇಲೆ ರೇಗಾಡಿದವನು ಒಬ್ಬ ಇದಾನೆ, ಆಮೋಸ ಅನ್ನೋ ಪ್ರವಾದಿ. ಕ್ರಿಸ್ತಪೂರ್ವ 8ನೇ ಶತಮಾನದವನು, ತೆಕೋವ ಅನ್ನೋ ಊರಲ್ಲಿ ಕುರಿ ಕಾಯ್ತಿದ್ದ. ವ್ಯಾಪಾರ ಮಾಡಬಾರದ ಸಬ್ಬತ್ ದಿನ ಯಾವಾಗ ಮುಗಿಯುತ್ತೋ, ಅಳತೆ ಸಣ್ಣ ಮಾಡಿ ಮೋಸದ ತಕ್ಕಡಿ ಇಟ್ಕೊಂಡು ದವಸ ಮಾರೋಣ ಅಂತ ಕಾಯೋ ವ್ಯಾಪಾರಿಗಳನ್ನ ಅವನು ತನ್ನ ಪುಸ್ತಕದ 8ನೇ ಅಧ್ಯಾಯದಲ್ಲಿ ಝಾಡಿಸ್ತಾನೆ. ಶಿಕ್ಷೆ ಬರುತ್ತೆ ಅಂತಾನೂ ಹೇಳ್ತಾನೆ, ಸುಳ್ಳಲ್ಲ. ಆದ್ರೆ 5ನೇ ಅಧ್ಯಾಯದಲ್ಲಿ ಅವನು ಕೇಳೋದು ಬೇರೆ, ನ್ಯಾಯ ನೀರಿನ ಹಾಗೆ ಹರೀಲಿ, ನೀತಿ ಬತ್ತದ ಹೊಳೆ ಹಾಗೆ ಹರೀಲಿ ಅಂತ. ಕಾಳಿ, ಗಂಗಾವಳಿ, ಅಘನಾಶಿನಿ ನೋಡ್ಕೊಂಡು ಬೆಳೆದ ನಮಗೆ ಈ "ಬತ್ತದ" ಅನ್ನೋ ಮಾತಿನ ತೂಕ ಗೊತ್ತಾಗಲ್ಲ, ಅವನ ಸೀಮೆಯಲ್ಲಿ ಮಳೆ ಬಂದಾಗ ಧೋ ಅಂತ ಹರಿದು ಆಮೇಲೆ ಬರೀ ಕಲ್ಲು ಕಾಣೋ ಹಳ್ಳಗಳೇ ಜಾಸ್ತಿ.

ಹೀಬ್ರೂದಲ್ಲಿ ಅಲ್ಲಿರೋದು ಎರಡು ಶಬ್ದ. ಮಿಶ್ಪಾಟ್ ಅಂದ್ರೆ ತೀರ್ಪು, ಕೆಟ್ಟಿದ್ದನ್ನ ಸರಿಮಾಡೋದು. ತ್ಸೆದಾಕಾ ಅಂದ್ರೆ ನಂಬಿದವರ ಜೊತೆ ನೆಟ್ಟಗೆ ನಡ್ಕೊಳೋದು. 96ನೇ ಕೀರ್ತನೆ ಓದಿ, ದೇವರು ತೀರ್ಪು ಕೊಡೋಕೆ ಬರ್ತಾನೆ ಅಂತ ಕಾಡಿನ ಮರಗಳು ಹಾಡ್ತಾವೆ! ಹೊಡೆತ ತಿನ್ನೋಕೆ ಯಾರಾದ್ರೂ ಹಾಡ್ತಾರಾ? ಆದ್ರೆ ಕೇಸು ಹಾಕಿ ವರ್ಷಗಟ್ಲೆ ಕೋರ್ಟಿಗೆ ಅಲೆದವರನ್ನ ಕೇಳಿ, ಜಡ್ಜ್ ಬಂದ್ರು ಅಂದ್ರೇನೇ ಅವರಿಗೆ ಹಬ್ಬ.

ಅರ್ಥ ವಾಲಿದ್ದು ಭಾಷೆ ದಾಟ್ತಾ ದಾಟ್ತಾ. ತ್ಸೆದಾಕಾ ಗ್ರೀಕಲ್ಲಿ ಡಿಕಾಯೋಸುನೆ ಆಯ್ತು, 4ನೇ ಶತಮಾನದ ಕೊನೆ ಹೊತ್ತಿಗೆ ಜೆರೋಮನ ಲ್ಯಾಟಿನ್ ಬೈಬಲಲ್ಲಿ ಯುಸ್ತಿತಿಯಾ, ಆ ಶಬ್ದಕ್ಕೋ ರೋಮನ್ ಕೋರ್ಟಿನ ವಾಸನೆ, ಅವರವರಿಗೆ ಸಲ್ಲಬೇಕಾದ್ದು ಸಲ್ಲಿಸೋದು. 1098ರ ಸುಮಾರಿಗೆ ಅನ್ಸೆಲ್ಮ್ ಅನ್ನೋ ಧರ್ಮಪಂಡಿತ ಪಾಪಾನ ತೀರಿಸಲೇಬೇಕಾದ ಸಾಲ ಅಂತ ಲೆಕ್ಕ ಹಾಕಿದ. "ದೇವರ ನೀತಿ" ಅನ್ನೋ ಮಾತನ್ನೇ ದ್ವೇಷ ಮಾಡ್ತಿದ್ದೆ ಅಂತ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ 1545ರಲ್ಲಿ ಬರ್ಕೊಂಡಿದಾನೆ, ಪಾಪಿಗೆ ಶಿಕ್ಷೆ ಕೊಡೋ ನೀತಿ ಅಂತಾನೇ ಅವನಿಗೆ ಕಲಿಸಿದ್ದು. ಬೈಬಲಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 1:17 ಮತ್ತೆ ಮತ್ತೆ ಓದಿದ ಮೇಲೆ, ಅರೆ ಇದು ದೇವರು ಕೊಡೋ ನೀತಿ, ನಂಬಿದವನಿಗೆ ಪುಕ್ಕಟೆ ಸಿಗೋದು ಅಂತ ಹೊಳೀತು. 1547ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ ಲೂಥರನಿಗಿಂತ ಬೇರೆ ತೀರ್ಮಾನ ಮಾಡ್ತು, ಕ್ಯಾಥೊಲಿಕರು ಮತ್ತು ಲೂಥರನ್ನರು ಇದರ ಮೂಲ ವಿಷಯದಲ್ಲಿ ಒಪ್ಪಿದೀವಿ ಅಂತ ಸಹಿ ಹಾಕಿದ್ದು 1999ರ ಅಕ್ಟೋಬರ್ 31ಕ್ಕೆ, ಆಗ್ಸ್‌ಬರ್ಗಲ್ಲಿ.

ನನಗೆ ಕೇಳಿದ್ರೆ ಇಷ್ಟೆಲ್ಲ ಜಗಳಕ್ಕಿಂತ ಮತ್ತಾಯನ ಸುವಾರ್ತೆ 20ನೇ ಅಧ್ಯಾಯದ ದ್ರಾಕ್ಷಿ ತೋಟದ ಕಥೆನೇ ಕಷ್ಟದ್ದು. ಬೆಳಗಿಂದ ಬಿಸಿಲಲ್ಲಿ ಬೆಂದವನಿಗೂ ಸಂಜೆ ಒಂದೇ ಗಂಟೆ ದುಡಿದವನಿಗೂ ಧಣಿ ಒಂದೊಂದು ದಿನಾರಿ, ಅಂದ್ರೆ ಪೂರ್ತಿ ದಿನದ ಕೂಲಿ ಕೊಡ್ತಾನೆ, ಗಲಾಟೆ ಎದ್ದಾಗ "ನಾನು ಒಳ್ಳೆಯವನಾಗಿದ್ದು ನಿನಗೆ ಹೊಟ್ಟೆಕಿಚ್ಚಾ" ಅಂತಾನೆ. ಶಿರಸಿ ಕಡೆ ಅಡಿಕೆ ತೋಟ ಇರೋ ಗೆಳೆಯಂಗೆ ಇದನ್ನ ಹೇಳ್ದೆ. ಕೊನೆಕೊಯ್ಲಿನ, ಅಂದ್ರೆ ಕೊನೆಗೌಡ ಮರ ಹತ್ತಿ ಅಡಿಕೆ ಗೊನೆ ಇಳಿಸೋ ಟೈಮು ಬೇರೆ. "ಹಾಗೆ ಕೊಟ್ರೆ ನಾಳೆ ಕೊನೆಗೌಡನೂ ಸಂಜೆ ಐದಕ್ಕೇ ಬರ್ತಾನೆ ಮಾರಾಯ" ಅಂದ.