ಶೀಟಿನ ಬಿಸಿ ಕೆಳಕ್ಕೂ ಇಳಿಯುತ್ತದೆ

"ಬಿಸಿ ಮೇಲಕ್ಕೆ ಹೋಗುತ್ತೆ, ಸೂರಿನ ಮೇಲೆ ಗಾಳಿಗೆ ತಿರುಗೋ ಒಂದು ಟರ್ಬೊ ಫ್ಯಾನ್ ಕೂರಿಸಿದ್ರೆ ಸಾಕು." ಪೀಣ್ಯದ ಶೆಡ್ಡುಗಳಲ್ಲಿ, ವೈಟ್‌ಫೀಲ್ಡಿನ ಪೋರ್ಟಾ ಕ್ಯಾಬಿನ್‌ಗಳಲ್ಲಿ, ತಾರಸಿಯ ಶೀಟು ರೂಮುಗಳಲ್ಲಿ ಈ ಮಾತನ್ನು ನಂಬಿ ಬೇಯುತ್ತಿರುವವರು ಎಷ್ಟೋ ಜನ. ಮೇಲಕ್ಕೆ ಹೋಗುವುದು ಬಿಸಿ ಗಾಳಿ, ಬಿಸಿಯಲ್ಲ. ಕಾದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ಅದರ ತಳದಿಂದ ನಾಲ್ಕು ಬೆರಳು ಕೆಳಗೆ ಅಂಗೈ ಒಡ್ಡಿ ನೋಡಿ. ಚುರುಗುಟ್ಟುತ್ತದೆ. ಅದು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣ. ಅದಕ್ಕೆ ಮೇಲು ಕೆಳಗೆಂಬ ಭೇದವಿಲ್ಲ.

ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಚದರ ಮೀಟರಿಗೆ ಹತ್ತಿರಹತ್ತಿರ 1000 ವಾಟ್ ಬಿಸಿಲು. ಬಣ್ಣ ಬಳಿದ ತಗಡು 60 ಡಿಗ್ರಿ ಮುಟ್ಟುವುದು ಸಲೀಸು. ಹೊಮ್ಮುವ ಕಿರಣ ನಿರಪೇಕ್ಷ ತಾಪದ (ಕೆಲ್ವಿನ್ ಲೆಕ್ಕದ ತಾಪದ) ನಾಲ್ಕನೇ ಘಾತದಂತೆ ಏರುತ್ತದೆಂದು 1879ರಲ್ಲಿ ಭೌತವಿಜ್ಞಾನಿ ಜೋಸೆಫ್ ಸ್ಟೀಫಾನ್ ತೋರಿಸಿದ. ಆ ಲೆಕ್ಕ ಹಾಕಿದರೆ 60 ಡಿಗ್ರಿಯ ಸೂರು 32 ಡಿಗ್ರಿಯ ನೆಲ, ಗೋಡೆ, ಮೈಗಳ ಮೇಲೆ ಚದರ ಮೀಟರಿಗೆ ಸುಮಾರು 180 ವಾಟ್ ಸುರಿಸುತ್ತದೆ. 10×12 ಅಡಿಯ ಕೋಣೆಗೆ ಇದು 2 ಕಿಲೊವಾಟ್! ಟರ್ಬೊ ಗಾಳಿಯನ್ನು ಹೊರಹಾಕೀತು, ಈ ಕಿರಣವನ್ನು ತಡೆಯಲಾರದು.

ತಡೆಯುವ ಉಪಾಯ ಸ್ಟೀಫಾನನ ಲೆಕ್ಕಕ್ಕಿಂತಲೂ ಹಳೆಯದು. ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಲೆಸ್ಲಿ ಘನಾಕಾರದ ಲೋಹದ ಪಾತ್ರೆಗೆ ಬಿಸಿನೀರು ತುಂಬಿ, ಮಸಿ ಬಳಿದ ಮೈ ಧಾರಾಳವಾಗಿ ಕಿರಣ ಬೀರುತ್ತದೆ, ಹೊಳೆಯುವ ಮೈ ಬೀರುವುದೇ ಕಡಿಮೆ ಎಂದು 1804ರಲ್ಲೇ ಬರೆದಿದ್ದ. ಎರಡೂ ಮೈಗಳ ತಾಪ ಒಂದೇ ಆಗಿದ್ದರೂ ಹೀಗೆ! ಅಲ್ಯೂಮಿನಿಯಂ ಫಾಯಿಲ್ ಅದೇ ತಾಪದ ಕಪ್ಪು ಮೈ ಬೀರುವುದರಲ್ಲಿ ಶೇ. 5ರಷ್ಟನ್ನು ಮಾತ್ರ ಬೀರುತ್ತದೆ. ಆದರೆ ಹೊಳೆಯುವ ಮೈಯ ಮುಂದೆ ಗಾಳಿಯ ತೆರಪು ಇರಲೇಬೇಕು. ಶೀಟಿಗೂ ಬೋರ್ಡಿಗೂ ನಡುವೆ ಒತ್ತಿ ಸಿಕ್ಕಿಸಿದ ಫಾಯಿಲ್ ಬರೀ ಲೋಹ. ಬಿಸಿಯನ್ನು ನೇರ ದಾಟಿಸುತ್ತದೆ. ಹೊಳಪು ಕೆಳಮುಖವಾಗಿರಲಿ. ಮೇಲ್ಮುಖವಾದರೆ ಒಂದೆರಡು ವರ್ಷದಲ್ಲಿ ಧೂಳು ಕೂತು ಗುಣ ಹೋಗುತ್ತದೆ.

ಮೇಲಿನಿಂದ ಕೆಳಕ್ಕೆ ಹೀಗೆ ಜೋಡಿಸಿ: ಶೀಟು, ಒಂದಿಂಚು ತೆರಪು, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ ಹಾಸು), ಅದರ ತಳಕ್ಕೆ ಫಾಯಿಲ್, ಮತ್ತೊಂದಿಂಚು ತೆರಪು, ಕೊನೆಗೆ ಸಿಮೆಂಟ್ ಬೋರ್ಡು. ಇವನ್ನು ಹೊರುವ ಜಿ.ಐ. (ಸತು ಲೇಪಿಸಿದ ಉಕ್ಕಿನ) ಚಾನೆಲ್‌ಗಳು 600 ಮಿ.ಮೀ.ಗೆ ಒಂದರಂತೆ ಬರಲಿ. ರಾಕ್‌ವೂಲನ್ನು ಸಂದಿಗಿಂತ 10 ಮಿ.ಮೀ. ಅಗಲವಾಗಿ ಕತ್ತರಿಸಿದರೆ ಬಿಗಿಯಾಗಿ ಕೂರುತ್ತದೆ. ಆದರೆ ಒತ್ತಿ ತೆಳುವಾಗಿಸಬೇಡಿ, ಬಿಸಿ ತಡೆಯುವುದು ಅದರೊಳಗೆ ನಿಂತ ಗಾಳಿಯೇ. ಕೆಲಸ ಮಾಡುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕು. ಹತ್ತು ಹನ್ನೆರಡರ ಕೋಣೆಗೆ ವೇಸ್ಟೇಜ್ ಸೇರಿ 132 ಚದರಡಿ ತನ್ನಿ. ಸೂರಿನ ಮೇಲೆ ಕೂರುವ ರಾಕ್‌ವೂಲಿನ ಭಾರ 27 ಕೆ.ಜಿ. ಆಸುಪಾಸು. ಚಾನೆಲ್ ನೇರ ಸೂರಿನ ಉಕ್ಕಿಗೆ ತಾಗಿದ ಕಡೆಯೆಲ್ಲ ಬಿಸಿ ನುಸುಳುತ್ತದೆ, ಹಾಗಾಗಿ ನಡುವೆ 6 ಮಿ.ಮೀ. ರಬ್ಬರ್ ತುಂಡು ಇಡಿ.

ಫಾಯಿಲ್ ಅಂಚುಗಳನ್ನು 100 ಮಿ.ಮೀ. ಒಂದರ ಮೇಲೊಂದು ಹಾಸಿ ಅಲ್ಯೂಮಿನಿಯಂ ಟೇಪು ಹಚ್ಚುವುದನ್ನು ಮೇಸ್ತ್ರಿಗಳು ಬಿಟ್ಟುಬಿಡುತ್ತಾರೆ. ಇದನ್ನು ಎದುರು ನಿಂತು ಮಾಡಿಸಿ. ಧನುರ್ಮಾಸದ ಬೆಳಗಿನ ಜಾವ ತಗಡು ತಣ್ಣಗಾದಾಗ ಅಡುಗೆಯ ಆವಿ, ಉಸಿರಿನ ತೇವ ಸಂದಿಯಲ್ಲಿ ನುಸುಳಿ ಶೀಟಿನಡಿ ಹನಿಗಟ್ಟುತ್ತದೆ. ಒದ್ದೆ ರಾಕ್‌ವೂಲ್ ಬಿಸಿ ತಡೆಯದು, ಜೊತೆಗೆ ಶೀಟಿಗೆ ತುಕ್ಕು. ಮೇಲಿನ ತೆರಪಿಗೆ ಸೂರಂಚಿನಲ್ಲಿ ಗಾಳಿ ಆಡುವಂತಿರಲಿ, ಇಲಿ ನುಗ್ಗದಂತೆ ಮೆಶ್ ಇರಲಿ.

ಥರ್ಮಾಕೋಲ್ ಅಗ್ಗವೆಂದು ಅಂಟಿಸಬೇಡಿ. ರಬ್ಬರ್ ಅಂಟಿನ ದ್ರಾವಕಕ್ಕೆ ಅದು ಕರಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತಾ ತೊಟ್ಟಿಕ್ಕುತ್ತದೆ. ಸೂರು ಹಳೆಯ ಕಲ್ನಾರಿನ ಶೀಟಾಗಿದ್ದರೆ ಡ್ರಿಲ್ ಬೇಡ, ಗ್ರೈಂಡರ್ ಬೇಡವೇ ಬೇಡ: ಆ ನಾರು ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು. ಫ್ರೇಮನ್ನು ಗೋಡೆಗೆ ಕಟ್ಟಿ, ಶೀಟನ್ನು ಮುಟ್ಟಲೇ ಬೇಡಿ.

ಇಷ್ಟಕ್ಕೆಲ್ಲ ಹಣವಿಲ್ಲದಿದ್ದರೆ ಲೋಹದ ಶೀಟಿನ ಹೊರಮೈಗೆ ಪ್ರೈಮರ್ ಹೊಡೆದು ಎರಡು ಕೋಟು ಬಿಳಿ ಕೂಲ್‌ರೂಫ್ ಬಣ್ಣದಿಂದ ಶುರುಮಾಡಿ. ಹೊಸದರಲ್ಲಿ ಅದು ಬಿಸಿಲಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ವಾಪಸು ಕಳಿಸುತ್ತದೆ. ಧೂಳು ಕೂತಷ್ಟೂ ಆ ಗುಣ ಇಳಿಯುವುದರಿಂದ, ಚಳಿ ಶಿವ ಶಿವ ಎಂದು ಹೋಗುತ್ತಿದ್ದಂತೆ ಶೀಟನ್ನು ಸೋಪುನೀರಲ್ಲಿ ತೊಳೆಯಿರಿ.