ಕೈಗಡಿಯಾರದ ಎಣ್ಣೆ: ಎಲ್ಲಿ ಬೇಕು, ಎಷ್ಟು ಬೇಕು, ಎಲ್ಲಿ ಬೇಡ

ಕೀಲಿ ಕೊಡುವ ಕೈಗಡಿಯಾರದ ಎಣ್ಣೆಗಳನ್ನು ಸಂಖ್ಯೆಯ ಪ್ರಕಾರ ಬಾಯಿಪಾಠ ಮಾಡಬೇಕಾಗಿಲ್ಲ. ಉಜ್ಜುವ ಜಾಗದಲ್ಲಿ ಚಲನೆ ಎಷ್ಟು ವೇಗದ್ದು, ಅಲ್ಲಿ ಬೀಳುವ ಒತ್ತಡ ಎಷ್ಟು ಎಂದು ಕೇಳಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಬ್ಯಾಲೆನ್ಸ್ (ಆಚೀಚೆ ತೂಗುತ್ತಾ ಸಮಯ ಅಳೆಯುವ ಚಕ್ರ) ಮತ್ತು ಎಸ್ಕೇಪ್ ಚಕ್ರದ (ಶಕ್ತಿಯನ್ನು ಹಲ್ಲುಹಲ್ಲಾಗಿ ಬಿಡುವ ಚಕ್ರ) ಪಿವಟ್‌ಗಳಲ್ಲಿ, ಅಂದರೆ ಅಚ್ಚಿನ ಸಣ್ಣ ತುದಿಗಳಲ್ಲಿ, ವೇಗ ಹೆಚ್ಚು, ಬಲ ಕಡಿಮೆ. ಆದ್ದರಿಂದ ಅಲ್ಲಿಗೆ ಮೋಬಿಯಸ್ ಎಂಬ ಗಡಿಯಾರದ ಎಣ್ಣೆಯ ಬ್ರ್ಯಾಂಡಿನ 9010ರಂತಹ ತೆಳು ಎಣ್ಣೆ ಸರಿ. ಅದರ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ಪ್ರತಿರೋಧ, 20 ಡಿಗ್ರಿಯಲ್ಲಿ ಸುಮಾರು 150 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ). ಬ್ಯಾರೆಲ್ (ಕೀಲಿ ಕೊಟ್ಟಾಗ ಸುತ್ತಿಕೊಳ್ಳುವ ಮೇನ್ ಸ್ಪ್ರಿಂಗ್ ಇರುವ ಡಬ್ಬಿ) ಮತ್ತು ನಡುಚಕ್ರ ನಿಧಾನವಾಗಿ, ಆದರೆ ಭಾರ ಹೊತ್ತು ತಿರುಗುತ್ತವೆ. ಅಲ್ಲಿ ತೆಳು ಎಣ್ಣೆ ಹಿಂಡಿಹೋಗುವುದರಿಂದ ಸುಮಾರು 1,200 ಸೆಂಟಿಸ್ಟೋಕ್‌ನ ಡಿ5 ಎಂಬ ದಪ್ಪ ಎಣ್ಣೆ ಅಥವಾ ಅದಕ್ಕೆ ಹತ್ತಿರದ ಎಚ್‌ಪಿ 1300 ಬೇಕು. ಕೀಲಿಯ ಭಾಗಗಳಲ್ಲಿ ಉಕ್ಕಿಗೆ ಉಕ್ಕು ಉಜ್ಜುತ್ತದೆ, ಅಲ್ಲಿಗೆ ಗ್ರೀಸ್.

ಬದಲಿ ಎಣ್ಣೆಯ ಬಗ್ಗೆ ಒಂದು ಮಾತು. ಡಿಸೆಂಬರ್, ಜನವರಿಯ ಬೆಳಗ್ಗೆ ಮಡಿಕೇರಿಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳುತ್ತೇವೆ, ಏಕೆಂದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಅದೇ ಎಣ್ಣೆ ಪಿವಟ್‌ನಲ್ಲಿದ್ದರೆ ರಾತ್ರಿ ಕಳಚಿಟ್ಟ ಗಡಿಯಾರ ಬೆಳಗಿನೊಳಗೆ ನಿಂತಿರಬಹುದು. 19ನೆಯ ಶತಮಾನದಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ನ ವಿಲಿಯಂ ನೈ ಅವರ ಗಡಿಯಾರದ ಎಣ್ಣೆ ಕಡಲ ಪ್ರಾಣಿಗಳ ದವಡೆಯ ಕೊಬ್ಬಿನಿಂದ ಬರುತ್ತಿತ್ತು. ಚಳಿಗೆ ಹೆಪ್ಪುಗಟ್ಟದಿರುವುದು ಅದರ ದೊಡ್ಡ ಗುಣವಾಗಿತ್ತು.

ಇನ್ನು ನನಗೆ ಬಹಳ ಕಾಲ ಒಗಟಾಗಿದ್ದ ಭಾಗಕ್ಕೆ ಬರುತ್ತೇನೆ. ಹೆಚ್ಚು ಎಣ್ಣೆ ಹಾಕಿದ ಬ್ಯಾಲೆನ್ಸ್ ಕಲ್ಲು (ಪಿವಟ್ ತಿರುಗುವ ಗಟ್ಟಿ ಹರಳು) ಕೆಲವು ತಿಂಗಳಲ್ಲಿ ಒಣಗಿರುತ್ತದೆ, ಅಳತೆಯಾಗಿ ಹಾಕಿದ್ದು ವರ್ಷಗಟ್ಟಲೆ ಉಳಿಯುತ್ತದೆ ಎಂಬ ಮಾತು ಮೊದಲ ಓದಿಗೆ ತಲೆಕೆಳಗಾಗಿ ಕಾಣುತ್ತದೆ. ಕಾರಣವನ್ನು ಹಂತ ಹಂತವಾಗಿ ನೋಡೋಣ. ಬ್ಯಾಲೆನ್ಸ್‌ನ ತುದಿಯಲ್ಲಿ ಎರಡು ಕಲ್ಲುಗಳಿವೆ: ಪಿವಟ್ ಹಾದುಹೋಗುವ ತೂತಿನ ಕಲ್ಲು, ಅದರ ಮೇಲೆ ಚಪ್ಪಟೆಯಾದ ಮುಚ್ಚಳದ ಕಲ್ಲು. ತೂತಿನ ಕಲ್ಲಿನ ಮುಖ ಸ್ವಲ್ಪ ಉಬ್ಬಿರುವುದರಿಂದ ಇವೆರಡರ ನಡುವಿನ ಸಂದು ಮಧ್ಯದಲ್ಲಿ ಅತಿ ಕಿರಿದಾಗಿ, ಅಂಚಿನ ಕಡೆಗೆ ಅಗಲವಾಗುತ್ತಾ ಹೋಗುತ್ತದೆ. ಕಿರಿದಾದ ಸಂದಿನಲ್ಲಿ ಲೋಮನಾಳ ಕ್ರಿಯೆ ಪ್ರಬಲವಾಗಿರುವುದರಿಂದ ಎಣ್ಣೆ ಯಾವಾಗಲೂ ಅಗಲದಿಂದ ಕಿರಿದಿನ ಕಡೆಗೆ, ಅಂದರೆ ಪಿವಟ್ ಇರುವ ಮಧ್ಯಕ್ಕೆ, ಎಳೆಯಲ್ಪಡುತ್ತದೆ. ಪಿವಟ್‌ನ ಬಳಿ ಎಣ್ಣೆ ಸವೆದಷ್ಟೂ ಸುತ್ತಲಿನ ಸಂಗ್ರಹ ಒಳಗೆ ಸರಿಯುತ್ತದೆ. ಎಣ್ಣೆಯ ಹನಿ ಗುಂಡಗೆ, ಸುತ್ತಲೂ ಒಣ ಅಂಚು ಬಿಟ್ಟು ನಿಂತಿರುವವರೆಗೆ ಮಾತ್ರ ಈ ಏರ್ಪಾಡು ಕೆಲಸ ಮಾಡುತ್ತದೆ. ಹನಿ ಬೆಳೆದು ಕಲ್ಲನ್ನು ಹಿಡಿದ ಲೋಹದ ಅಂಚಿಗೆ ಒಮ್ಮೆ ತಾಗಿತೆಂದರೆ ಅಲ್ಲಿ ಇನ್ನೂ ಕಿರಿದಾದ ಮತ್ತೊಂದು ಸಂದು ಕಾದಿರುತ್ತದೆ. ಅದು ಎಣ್ಣೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೆಚ್ಚುವರಿಯ ಜೊತೆಗೆ ಮಧ್ಯದ ಎಣ್ಣೆಯೂ ಹರಿದುಹೋಗುತ್ತದೆ. ಆದ್ದರಿಂದ ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿದಾಗ ಎಣ್ಣೆಯ ವೃತ್ತ ಮುಚ್ಚಳದ ಕಲ್ಲಿನ ವ್ಯಾಸದ ಅರ್ಧದಿಂದ ಮೂರನೇ ಎರಡರಷ್ಟಿರಬೇಕು, ಅದರ ಗೆರೆ ಸ್ಪಷ್ಟವಾಗಿ ಕಾಣಬೇಕು. ಗೆರೆ ಕಾಣದಿದ್ದರೆ ಕಲ್ಲನ್ನು ಮತ್ತೆ ತೊಳೆದು ಹೊಸದಾಗಿ ಹಾಕುವುದೇ ಸರಿಯಾದ ದಾರಿ. ಹೆಚ್ಚಾದದ್ದನ್ನು ಒರೆಸಿ ಸರಿಪಡಿಸಲಾಗದು.

ಎಪಿಲೇಮ್ ಎಂಬ ಲೇಪನವೂ ಇದೇ ಉದ್ದೇಶದ್ದು. ಕೆಸುವಿನ ಎಲೆಯ ಮೇಲೆ ಮಳೆನೀರು ಹರಡದೆ ಮುತ್ತಾಗಿ ನಿಲ್ಲುವಂತೆ, ಲೇಪಿತ ಮೈಯ ಮೇಲೆ ಎಣ್ಣೆ ಹಾಕಿದಲ್ಲೇ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ತೊಳೆದ ಬಿಡಿಭಾಗಗಳನ್ನು ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಲೇಪನಕ್ಕೂ ಎಣ್ಣೆಗೂ ಕೈಹಾಕಬೇಕು. ಉಕ್ಕಿನ ಪಿವಟ್‌ನ ಮೇಲೆ ತೇವ ಉಳಿದರೆ ತುಕ್ಕು ಹಿಡಿಯುತ್ತದೆ.

ಎಸ್ಕೇಪ್ ಚಕ್ರಕ್ಕೂ ಬ್ಯಾಲೆನ್ಸ್‌ಗೂ ನಡುವೆ ಆಚೀಚೆ ಹೊರಳುವ ಸಣ್ಣ ಸನ್ನೆಯಾದ ಪ್ಯಾಲೆಟ್ ಫೋರ್ಕ್‌ನ ಪಿವಟ್‌ಗಳಿಗೆ ಎಣ್ಣೆ ಹಾಕುವುದಿಲ್ಲ. ಬ್ಯಾಲೆನ್ಸ್ ಒಂದು ಕಡೆಗೆ 270 ಡಿಗ್ರಿಯಷ್ಟು ತೂಗಿದರೆ ಫೋರ್ಕ್ ಹತ್ತು ಹದಿನೈದು ಡಿಗ್ರಿಯಷ್ಟೇ ಹೊರಳಿ ನಿಲ್ಲುತ್ತದೆ. ಅಷ್ಟು ಚಿಕ್ಕ ಹೊರಳಿಕೆಯಲ್ಲಿ ಘರ್ಷಣೆ ತಗ್ಗಿಸಿ ಎಣ್ಣೆ ಉಳಿಸುವ ಶಕ್ತಿಗಿಂತ ಅದರ ಅಂಟು ತಿನ್ನುವ ಶಕ್ತಿಯೇ ಹೆಚ್ಚು. ಹೇರ್ ಸ್ಪ್ರಿಂಗ್ (ಬ್ಯಾಲೆನ್ಸ್‌ನ ತೆಳು ಸುರುಳಿ), ಫೋರ್ಕ್‌ನ ಕವಲು ಮತ್ತು ಎಸ್ಕೇಪ್ ಚಕ್ರವನ್ನು ಬಿಟ್ಟು ಉಳಿದ ಚಕ್ರಗಳ ಹಲ್ಲುಗಳೂ ಒಣಗಿಯೇ ಇರಬೇಕು. ಹಲ್ಲಿಗೆ ಅಂಟಿದ ಎಣ್ಣೆ ಧೂಳು ಹಿಡಿದು ಅರದಂತೆ ಉಜ್ಜುತ್ತದೆ.

ಅದೇ ಫೋರ್ಕ್‌ನ ತುದಿಯ ಎರಡು ಕಲ್ಲುಗಳಿಗೆ ಮಾತ್ರ ಎಣ್ಣೆ ತಪ್ಪದೆ ಬೇಕು. ಎಚ್‌ಎಂಟಿ ಜನತಾದಂತೆ ಗಂಟೆಗೆ 18,000 ಬಡಿತದ ಗಡಿಯಾರದಲ್ಲಿ ಎಸ್ಕೇಪ್ ಚಕ್ರದ ಹಲ್ಲು ಒಂದೊಂದು ಕಲ್ಲಿಗೂ ಗಂಟೆಗೆ 9,000 ಸಲ, ದಿನಕ್ಕೆ 2,16,000 ಸಲ ಬಡಿದು ಉಜ್ಜಿಕೊಂಡು ಜಾರುತ್ತದೆ. ದ್ರವ ಎಣ್ಣೆಯಾದರೆ ಈ ಬಡಿತಕ್ಕೆ ಚೆದುರಬಹುದು. ಆದ್ದರಿಂದಲೇ 9415 ಎಂಬ ಗ್ರೀಸ್: ನಿಂತಾಗ ಗಟ್ಟಿ, ಬಡಿತ ಬಿದ್ದ ಗಳಿಗೆಯಲ್ಲಿ ದ್ರವ, ಮರುಗಳಿಗೆ ಮತ್ತೆ ಗಟ್ಟಿ. ಕೈಗಡಿಯಾರದ ಎಣ್ಣೆಗಳಲ್ಲೆಲ್ಲ ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಇದೇ. ಜಾರುವ ಉಜ್ಜುವಿಕೆಯನ್ನೇ ತಗ್ಗಿಸಲು ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ (ಎಸ್ಕೇಪ್ ಚಕ್ರ ಮತ್ತು ಫೋರ್ಕ್‌ನ ಬೇರೆ ರೀತಿಯ ಏರ್ಪಾಡು) ರೂಪಿಸಿದರು. ಗಡಿಯಾರ ಕಂಪನಿ ಒಮೆಗಾ ಅದನ್ನು 1999ರಲ್ಲಿ ಮಾರುಕಟ್ಟೆಗೆ ತಂದಿತು.

ಹಾಕುವ ಕ್ರಮ ಹೀಗೆ: ಫೋರ್ಕ್ ಕೂರಿಸಿ, ಬ್ಯಾಲೆನ್ಸ್ ಹಾಕುವ ಮೊದಲು ಮೇನ್ ಸ್ಪ್ರಿಂಗ್‌ಗೆ ಸ್ವಲ್ಪ ಕೀಲಿ ಕೊಡಬೇಕು. ಹಲ್ಲು ಹೊರಹೋಗುವ ಕಡೆಯ ಕಲ್ಲಿನ ಮುಖಕ್ಕೆ ಒಂದು ಸೂಕ್ಷ್ಮ ಹನಿ ಮುಟ್ಟಿಸಿ, ಫೋರ್ಕನ್ನು ಆಚೀಚೆ ತಳ್ಳಿ ಐದು ಹಲ್ಲುಗಳನ್ನು ದಾಟಿಸಬೇಕು. ಇದನ್ನೇ ಮೂರು ಸಲ ಮಾಡಿದರೆ ಹದಿನೈದು ಹಲ್ಲುಗಳಿಗೂ ಗ್ರೀಸ್ ಹಂಚಿಹೋಗುತ್ತದೆ, ಅವುಗಳ ಮೂಲಕ ಇನ್ನೊಂದು ಕಲ್ಲಿಗೂ ತಲುಪುತ್ತದೆ. ಬಳಿಕ ಲೂಪಿನಲ್ಲಿ ನೋಡಿದಾಗ ಹೊಳಪು ಕಲ್ಲಿನ ಮುಖದಲ್ಲಷ್ಟೇ ಇರಬೇಕು. ಫೋರ್ಕ್‌ನ ಲೋಹಕ್ಕೆ ಹತ್ತಿದ್ದರೆ ಬಿಚ್ಚಿ ತೊಳೆಯಬೇಕು.