ಚಿಕ್ಕಜಾಜೂರು ಜಂಕ್ಷನ್: ಸಣ್ಣ ನಿಲ್ದಾಣದ ದೊಡ್ಡ ಚರಿತ್ರೆ

ಸ್ಥಳೀಯ ಇತಿಹಾಸ ಓದುವ ನಮ್ಮಲ್ಲಿ ಹೆಚ್ಚಿನವರು ಚಿತ್ರದುರ್ಗ ಎಂದರೆ ಕೋಟೆಯಲ್ಲೇ ನಿಂತುಬಿಡುತ್ತೇವೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ರೈಲು ನಿಲ್ದಾಣಕ್ಕೂ ಅಷ್ಟೇ ಗಮನ ಸಲ್ಲಬೇಕು. ಜಿಲ್ಲಾ ಕೇಂದ್ರವನ್ನು ಬದಿಗಿಟ್ಟು ಸಾಗಿದ ಹಳಿಯ ಕಥೆ ಅಲ್ಲಿದೆ.

1876–78ರ ಭೀಕರ ಬರದಲ್ಲಿ ಹಸಿದ ಊರುಗಳಿಗೆ ಧಾನ್ಯ ಸಾಗಿಸುವುದೇ ದೊಡ್ಡ ಸಮಸ್ಯೆಯಾಗಿತ್ತು. ಆ ಬಳಿಕ ರೈಲು ಮಾರ್ಗದ ಕೆಲಸಕ್ಕೆ ಒತ್ತು ಸಿಕ್ಕಿತು. ಮೈಸೂರು ಸಂಸ್ಥಾನ 1884ರಲ್ಲಿ ಬೆಂಗಳೂರು–ತುಮಕೂರು ಮಾರ್ಗ ತೆರೆಯಿತು. ಹಣಕಾಸಿನ ಭಾರ ಹೆಚ್ಚಾದಾಗ, 1886ರಲ್ಲಿ ಮಾರ್ಗ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತು.

ಇಲ್ಲಿ ಒಂದು ನಕ್ಷೆ ಬಿಡಿಸಿಕೊಳ್ಳಿ. ತುಮಕೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಹರಿಹರ: ಈ ಹೆಸರುಗಳನ್ನು ಗೆರೆಯಿಂದ ಸೇರಿಸಿದರೆ ಅದು ಪಶ್ಚಿಮಕ್ಕೆ ಬಾಗಿಕೊಂಡು ಹೋಗುತ್ತದೆ. ಚಿತ್ರದುರ್ಗ ಪೂರ್ವದಲ್ಲಿ ಒಂಟಿಯಾಗಿ ಉಳಿಯುತ್ತದೆ. ದಾವಣಗೆರೆಗೆ ಈ ಗೆರೆ ವರವಾಯಿತು. ಮೊದಲೇ ವ್ಯಾಪಾರದ ಊರಾಗಿದ್ದ ಅಲ್ಲಿ ಹತ್ತಿಯ ವಹಿವಾಟು ಬೆಳೆದು, ಮುಂದೆ ಬಟ್ಟೆ ಗಿರಣಿಗಳು ಎದ್ದವು. ದುರ್ಗ ಮಾತ್ರ 1921ರವರೆಗೆ ಕಾಯಬೇಕಾಯಿತು. ಆ ವರ್ಷ ಚಿಕ್ಕಜಾಜೂರಿನಿಂದ ಹೊಳಲ್ಕೆರೆ ಮಾರ್ಗವಾಗಿ ಸುಮಾರು 34 ಕಿ.ಮೀ. ಶಾಖಾ ಮಾರ್ಗ ತೆರೆಯಿತು. ಹಳ್ಳಿಯ ನಿಲ್ದಾಣ ಜಂಕ್ಷನ್ ಆಗಿದ್ದು ಹೀಗೆ.

ಆಗ ಎರಡೂ ಮಾರ್ಗ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ 1,000 ಮಿ.ಮೀ. ಅಂತರ. ಹಾಗಾಗಿ ದುರ್ಗದ ವ್ಯಾಗನ್ನು ಚಿಕ್ಕಜಾಜೂರಿನಲ್ಲಿ ಸರಕು ಇಳಿಸದೆಯೇ ಮುಂದೆ ಸಾಗಬಹುದಿತ್ತು. ಆದರೆ ಬೆಂಗಳೂರು ದಾರಿಯಾಗಿ ಮದ್ರಾಸಿಗೆ ಹೊರಟರೆ ಕಥೆ ಬೇರೆ: ಅಲ್ಲಿಂದಾಚೆ 1,676 ಮಿ.ಮೀ.ನ ಬ್ರಾಡ್ ಗೇಜ್. ಪ್ರತಿ ಮೂಟೆಯನ್ನೂ ಹಮಾಲಿಗಳು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಗೇಜ್ ಪರಿವರ್ತನೆಯನ್ನು ಬರೀ ತಾಂತ್ರಿಕ ವಿಷಯವೆಂದು ಓದಿ ಮುಗಿಸುವವರು ಈ ಬೆನ್ನುಗಳನ್ನು ನೆನೆಯಬೇಕು.

ಒಂಟಿ ಹಳಿಯಲ್ಲಿ ಎದುರುಬದುರು ಬರುವ ರೈಲುಗಳು ಡಿಕ್ಕಿಯಾಗದಂತೆ ಕಾದದ್ದು ಏನು? ನಮ್ಮ ದೇಶದ ಇಂತಹ ಮಾರ್ಗಗಳಲ್ಲಿ ದಶಕಗಳ ಕಾಲ ಬಳಸಿದ ಉತ್ತರ, ಅಂಗೈಯಲ್ಲಿ ಹಿಡಿಸುವ, ಟೋಕನ್ ಎಂಬ ಲೋಹದ ಗುಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳ ಟೋಕನ್ ಯಂತ್ರಗಳು ವಿದ್ಯುತ್ ತಂತಿಯಿಂದ ಜೋಡಿಸಿಕೊಂಡಿರುತ್ತವೆ. ಒಂದು ಗುಂಡು ಹೊರಬಂದರೆ ಅದು ಮರಳಿ ಯಂತ್ರ ಸೇರುವ ತನಕ ಎರಡೂ ಕಡೆ ಇನ್ನೊಂದು ಹೊರಬರುವುದಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಅದನ್ನಿಟ್ಟು ಚಾಲಕನಿಗೆ ಕೊಡುತ್ತಾರೆ; ಅದು ಕೈಯಲ್ಲಿಲ್ಲದೆ ಅವನು ಮುಂದಿನ ನಿಲ್ದಾಣದತ್ತ ಹೊರಡುವಂತಿಲ್ಲ. ನಿಲ್ಲದ ರೈಲಾದರೆ ನೌಕರ ಪ್ಲಾಟ್‌ಫಾರ್ಮಿನಲ್ಲಿ ಬಳೆ ಎತ್ತಿ ಹಿಡಿಯುತ್ತಾನೆ, ಎಂಜಿನ್ನಿನಿಂದ ಚಾಚಿದ ತೋಳು ಅದನ್ನು ಸೆಳೆದುಕೊಳ್ಳುತ್ತದೆ. ಸಣ್ಣ ನಿಲ್ದಾಣದ ಜವಾಬ್ದಾರಿ ಎಷ್ಟು ದೊಡ್ಡದೆಂದು ನನಗೆ ಮನವರಿಕೆಯಾದದ್ದು ಈ ವ್ಯವಸ್ಥೆಯನ್ನು ಅರ್ಥ ಮಾಡಿಕೊಂಡ ಮೇಲೆ.

ಆಡಳಿತದ ಇಸವಿಗಳನ್ನು ಬೇಗ ಗುರುತು ಹಾಕಿಕೊಳ್ಳಿ. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ವಿಲೀನವಾಯಿತು, 1938ರಲ್ಲಿ ಬೆಂಗಳೂರು–ಹರಿಹರ ಮಾರ್ಗ ಸಂಸ್ಥಾನಕ್ಕೆ ಮರಳಿತು, 1951ರಲ್ಲಿ ದಕ್ಷಿಣ ರೈಲ್ವೆ ಬಂತು. 2003ರಿಂದ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆ.

ದುರ್ಗದಲ್ಲೇ ಮುಗಿಯುತ್ತಿದ್ದ ಶಾಖಾ ಮಾರ್ಗ 1990ರ ದಶಕದಲ್ಲಿ ರಾಯದುರ್ಗದವರೆಗೆ ಬೆಳೆದು ಬಳ್ಳಾರಿಯನ್ನು ಕೂಡಿಕೊಂಡಿತು. ಈಗ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೂಲಕ ತುಮಕೂರು–ದಾವಣಗೆರೆ ನೇರ ಮಾರ್ಗದ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ನಿಮ್ಮ ನಕ್ಷೆಯಲ್ಲಿ ಆ ಗೆರೆಯನ್ನೂ ಎಳೆಯಿರಿ: ಅದು ಚಿಕ್ಕಜಾಜೂರನ್ನು ಮುಟ್ಟುವುದಿಲ್ಲ.